ಗೊತ್ತಿಲ್ಲದವರೂ ನಗಬೇಕು

ಕಾರಿನ ಅಡಿಗೆ ತನ್ನನ್ನು ತಾನೇ ಬಿಗಿದುಕೊಂಡು ಬಂದ ಖಳನಾಯಕ, ಕಾರು ನಿಂತ ಮೇಲೆ ತೆವಳಿಕೊಂಡು ಆಚೆ ಬರುತ್ತಾನೆ. ದಾರಿಯುದ್ದಕ್ಕೂ ರೋಡ್ ಹಂಪು ಬೆನ್ನಿಗೆ ಬಡಿದಿದೆ, ಬಿಸಿ ಕಾಫಿ ಮೈಮೇಲೆ ಸುರಿದಿದೆ, ಕಳ್ಳಿಯ ಮುಳ್ಳು ಚುಚ್ಚಿಕೊಂಡಿದೆ. ಅಂತೂ ಎದ್ದು ನಿಂತು ಒಂದು ಹೆಜ್ಜೆ ಇಡುತ್ತಾನೆ. ನೆಲದಲ್ಲಿ ಒಂದು ರೇಕ್ ಬಿದ್ದಿದೆ, ತೋಟದಲ್ಲಿ ತರಗೆಲೆ ಒಟ್ಟುವ ಉದ್ದ ಹಿಡಿಯ ಹಲ್ಲುಕೋಲು. ಹಲ್ಲಿನ ಮೇಲೆ ಕಾಲಿಟ್ಟದ್ದೇ ತಡ, ಹಿಡಿ ರಪ್ಪನೆ ಮೇಲೆದ್ದು ಮುಖಕ್ಕೆ ಬಡಿಯುತ್ತದೆ. ಗೊಣಗುತ್ತಾ ಪಕ್ಕಕ್ಕೆ ತಿರುಗುತ್ತಾನೆ. ಅಲ್ಲೂ ಒಂದು ರೇಕ್. ಈ ಕಡೆ ಹೆಜ್ಜೆ ಇಟ್ಟರೆ ಮತ್ತೊಂದು. ಹೀಗೆ ಒಂಬತ್ತು ಸಲ ಅದೇ ಏಟು, ಅದೇ ಗೊಣಗಾಟ. ಮೊದಲ ಏಟಿಗೆ ನಗು ಬರುತ್ತದೆ, ನಾಲ್ಕನೆಯದಕ್ಕೆ ‘ಸಾಕಪ್ಪ’ ಅನ್ನಿಸುತ್ತದೆ, ಏಳನೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ.

ಇದು ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ‘ಕೇಪ್ ಫಿಯರ್’ ಕಂತು. 1993ರ ಅಕ್ಟೋಬರ್ 7ರಂದು ಫಾಕ್ಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಬರೆದವರು ಜಾನ್ ವಿಟ್ಟಿ, ನಿರ್ದೇಶಿಸಿದವರು ರಿಚ್ ಮೂರ್. ಕಂತು ನಿಗದಿತ ಅವಧಿಗಿಂತ ಚಿಕ್ಕದಾಯಿತು ಎಂಬ ಕಾರಣಕ್ಕೆ ಆ ರೇಕ್ ದೃಶ್ಯವನ್ನು ಎಳೆದದ್ದು. ಸಮಯ ತುಂಬಿಸಲು ಮಾಡಿದ ಉಪಾಯವೇ ಧಾರಾವಾಹಿಯ ಅತಿ ಪ್ರಸಿದ್ಧ ದೃಶ್ಯಗಳಲ್ಲೊಂದಾಯಿತು. ಅದನ್ನು ನೋಡಿ ನಗಲು ಯಾವ ಸಿನಿಮಾವನ್ನೂ ನೋಡಿರಬೇಕಿಲ್ಲ, ಯಾವ ಪುಸ್ತಕವನ್ನೂ ಓದಿರಬೇಕಿಲ್ಲ.

ಸ್ವಾರಸ್ಯವೆಂದರೆ, ಈ ದೃಶ್ಯದ ಸುತ್ತ ಇರುವ ಉಳಿದ ಕಂತಿನ ತುಂಬ ಬೇರೆ ಕೃತಿಗಳ ಉಲ್ಲೇಖಗಳೇ ಇವೆ. ಅದಕ್ಕೇ ಟ್ರಿವಿಯಾ ಪ್ರಿಯರಿಗೆ ಇದು ಹಬ್ಬ. ಯಾವ ದೃಶ್ಯ ಎಲ್ಲಿಂದ ಬಂತು, ಯಾವ ಸಂಗೀತ ಯಾರದು, ಗೋಡೆಯ ಮೇಲಿನ ಬರಹ ಯಾವ ಚಿತ್ರದ್ದು ಎಂದು ಪಟ್ಟಿ ಮಾಡುವ ಹವ್ಯಾಸ ಮೂವತ್ತು ವರ್ಷಗಳಲ್ಲಿ ದೊಡ್ಡ ಉದ್ಯಮವಾಗಿ ಬೆಳೆದಿದೆ. ಪಟ್ಟಿ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿ ಉದ್ದವಾದಷ್ಟೂ ಕೃತಿ ದೊಡ್ಡದು ಎಂಬ ನಂಬಿಕೆ ಈಗ ನೋಡುಗರಲ್ಲೂ ಬರಹಗಾರರಲ್ಲೂ ಬೇರೂರಿದೆ. ಅದು ತಪ್ಪು ಎನ್ನುವುದಕ್ಕೆ ‘ಕೇಪ್ ಫಿಯರ್’ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಕಥೆಯ ಮೂಲ ಜಾನ್ ಡಿ. ಮ್ಯಾಕ್‌ಡೊನಾಲ್ಡ್ 1957ರಲ್ಲಿ ಬರೆದ ‘ದಿ ಎಕ್ಸಿಕ್ಯೂಷನರ್ಸ್’ ಕಾದಂಬರಿ. ಜೈಲಿನಿಂದ ಬಿಡುಗಡೆಯಾದ ಕೈದಿಯೊಬ್ಬ ತನ್ನ ಶಿಕ್ಷೆಗೆ ಕಾರಣನಾದವನ ಕುಟುಂಬದ ಬೆನ್ನು ಬೀಳುತ್ತಾನೆ. 1962ರಲ್ಲಿ ಜೆ. ಲೀ ಥಾಂಪ್ಸನ್ ಇದನ್ನು ‘ಕೇಪ್ ಫಿಯರ್’ ಎಂಬ ಸಿನಿಮಾ ಮಾಡಿದರು. ಗ್ರೆಗರಿ ಪೆಕ್ ವಕೀಲ, ರಾಬರ್ಟ್ ಮಿಚಮ್ ಕೈದಿ. 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮತ್ತೆ ಅದೇ ಹೆಸರಿನಲ್ಲಿ ಚಿತ್ರ ಮಾಡಿದಾಗ ನಿಕ್ ನೋಲ್ಟಿ ವಕೀಲನಾದರು, ರಾಬರ್ಟ್ ಡಿ ನಿರೊ ಕೈದಿಯಾದರು. ಹಳೆಯ ಚಿತ್ರದ ಇಬ್ಬರೂ ನಾಯಕರನ್ನು ಸ್ಕಾರ್ಸೆಸಿ ಸಣ್ಣ ಪಾತ್ರಗಳಿಗೆ ಕರೆದು ತಂದರು, ಅದೂ ಅದಲುಬದಲು ಮಾಡಿ. ಅಂದು ಕೈದಿಯಾಗಿ ಕಾಡಿದ್ದ ಮಿಚಮ್ ಇಲ್ಲಿ ಪೊಲೀಸ್ ಅಧಿಕಾರಿ. ಅಂದು ಕೈದಿಯಿಂದ ಕಾಡಿಸಿಕೊಂಡಿದ್ದ ಪೆಕ್ ಇಲ್ಲಿ ಅದೇ ಕೈದಿಯ ಪರ ವಾದಿಸುವ ವಕೀಲ. ಎರಡು ವರ್ಷದ ನಂತರ ಕಾರ್ಟೂನಿನವರು ಶೀರ್ಷಿಕೆಯ ಇಂಗ್ಲಿಷ್ ಸ್ಪೆಲಿಂಗಿಗೆ ಒಂದು ಅಕ್ಷರ ಜಾಸ್ತಿ ಸೇರಿಸಿ ಕಥೆಯನ್ನು ಸ್ಪ್ರಿಂಗ್‌ಫೀಲ್ಡ್ ಊರಿಗೆ ತಂದರು. ಕೈದಿಯ ಜಾಗದಲ್ಲಿ ರೇಕ್ ತುಳಿದ ಆ ಖಳನಾಯಕ ಸೈಡ್‌ಶೋ ಬಾಬ್, ಬಲಿಯ ಜಾಗದಲ್ಲಿ ಸಿಂಪ್ಸನ್ ಮನೆಯ ಹತ್ತು ವರ್ಷದ ಹುಡುಗ ಬಾರ್ಟ್.

ಇಷ್ಟೆಲ್ಲ ವಂಶಾವಳಿ ತಿಳಿಯದೆ ಕಂತು ನೋಡಿದವರಿಗೆ ಏನು ನಷ್ಟ? ಚಿತ್ರಮಂದಿರದ ದೃಶ್ಯವನ್ನೇ ನೋಡಬಹುದು. ಸ್ಕಾರ್ಸೆಸಿ ಚಿತ್ರದಲ್ಲಿ ಡಿ ನಿರೊ ವಕೀಲನ ಕುಟುಂಬದ ಮುಂದಿನ ಸಾಲಿನಲ್ಲಿ ಕುಳಿತು, ಸಿಗಾರ್ ಹೊಗೆ ಬಿಡುತ್ತಾ, ಇಡೀ ಹಾಲ್ ತಿರುಗಿ ನೋಡುವಂತೆ ನಗುತ್ತಾನೆ. ಆ ನಗುವಿನಲ್ಲಿ ಬೆದರಿಕೆ ಇದೆ. ಕಾರ್ಟೂನಿನಲ್ಲೂ ಬಾಬ್ ಅದೇ ರೀತಿ ಕುಳಿತು, ಅದೇ ರೀತಿ ಹೊಗೆ ಬಿಟ್ಟು ನಗುತ್ತಾನೆ. ಸಿಂಪ್ಸನ್ ಸಂಸಾರ ಸಿಡಿಮಿಡಿಗೊಳ್ಳುತ್ತದೆ. ಅಷ್ಟರಲ್ಲಿ ಮನೆಯ ಯಜಮಾನ ಹೋಮರ್ ಅದಕ್ಕಿಂತ ದಪ್ಪ ಸಿಗಾರ್ ಹಚ್ಚಿ, ಅದಕ್ಕಿಂತ ಜೋರಾಗಿ ನಗತೊಡಗುತ್ತಾನೆ. ಈಗ ಬಾಬ್‌ಗೇ ಕಿರಿಕಿರಿ. ಮೂಲ ನೋಡಿದವರಿಗೆ ಡಿ ನಿರೊ ನೆನಪಾಗುತ್ತಾನೆ. ನೋಡದವರಿಗೆ ಥಿಯೇಟರಿನಲ್ಲಿ ಪಕ್ಕದ ಸೀಟಿನವನ ಕಾಟ ಅನುಭವಿಸಿದ ನೆನಪು ಸಾಕು. ಅದು ಯಾರಿಗಿಲ್ಲ?

ಇನ್ನೂ ಸೂಕ್ಷ್ಮವಾದದ್ದು ಬಾಬ್‌ನ ಬೆರಳುಗಳ ಮೇಲಿನ ಹಚ್ಚೆ. 1955ರ ‘ದಿ ನೈಟ್ ಆಫ್ ದಿ ಹಂಟರ್’ ಚಿತ್ರದಲ್ಲಿ ಇದೇ ಮಿಚಮ್ ಕೊಲೆಗಾರ ಪಾದ್ರಿಯ ವೇಷ ಹಾಕಿದ್ದರು. ಒಂದು ಕೈಯ ನಾಲ್ಕು ಬೆರಳಿಗೆ ‘ಲವ್’ ಪದದ ನಾಲ್ಕು ಇಂಗ್ಲಿಷ್ ಅಕ್ಷರ, ಇನ್ನೊಂದು ಕೈಗೆ ‘ಹೇಟ್’ ಪದದ ನಾಲ್ಕು. ಬಾಬ್‌ಗೂ ಅದೇ ಹಚ್ಚೆ ಬೇಕು. ಆದರೆ ಸ್ಪ್ರಿಂಗ್‌ಫೀಲ್ಡಿನವರ ಕೈಯಲ್ಲಿ ಹೆಬ್ಬೆರಳು ಬಿಟ್ಟರೆ ಇರುವುದು ಮೂರೇ ಬೆರಳು. ಹಾಗಾಗಿ ಒಂದು ಕೈಯಲ್ಲಿ ‘ಲವ್’ ಮೂರು ಅಕ್ಷರಕ್ಕೆ ಇಳಿದಿದೆ. ಇನ್ನೊಂದು ಕೈಯಲ್ಲಿ ‘ಹೇಟ್’ ಕೂಡ ಮೂರೇ ಅಕ್ಷರ, ನಡುವಿನ ಸ್ವರಾಕ್ಷರದ ನೆತ್ತಿಯ ಮೇಲೆ ದೀರ್ಘ ಎಳೆಯಬೇಕೆಂದು ಸೂಚಿಸುವ ಅಡ್ಡಗೆರೆ. ನಿಘಂಟಿನಲ್ಲಿ ಉಚ್ಚಾರಣೆ ತೋರಿಸಲು ಹಾಕುವ ಗೆರೆ ಅದು. ಕೊಲೆಗಾರನಾದರೂ ಬಾಬ್ ಓದಿಕೊಂಡವನು, ಉಚ್ಚಾರಣೆ ತಪ್ಪಾಗುವುದನ್ನು ಸಹಿಸಲಾರ. ಕೆಲವೇ ಸೆಕೆಂಡಿನ ಆ ಚಿತ್ರದಲ್ಲಿ ಒಂದು ಹಳೆಯ ಸಿನಿಮಾ, ಕಾರ್ಟೂನ್ ಬಿಡಿಸುವ ಕಸುಬಿನ ಒಂದು ಕಟ್ಟುಪಾಡು, ಪಾತ್ರದ ಒಣಜಂಭ ಮೂರೂ ಸೇರಿವೆ. ಟ್ರಿವಿಯಾ ಪಟ್ಟಿಗಳಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಮೊದಲನೆಯದು ಮಾತ್ರ. ನಗು ಬರುವುದು ಉಳಿದೆರಡರಿಂದ.

ಸಂಗೀತದ ವಿಷಯವೂ ಇದೇ. 1962ರ ಚಿತ್ರಕ್ಕೆ ಸಂಗೀತ ಕೊಟ್ಟವರು ಬರ್ನಾರ್ಡ್ ಹರ್ಮನ್, ಹಿಚ್‌ಕಾಕ್‌ರ ‘ಸೈಕೋ’ಗೆ ಎದೆ ನಡುಗಿಸುವ ಪಿಟೀಲು ನಾದ ಕೊಟ್ಟವರು. 1991ರ ಚಿತ್ರ ಹೊಸ ಸಂಗೀತ ಮಾಡಿಸದೆ ಹರ್ಮನ್‌ರದ್ದನ್ನೇ ಎಲ್ಮರ್ ಬರ್ನ್‌ಸ್ಟೀನ್ ಕೈಯಲ್ಲಿ ಅಳವಡಿಸಿತು. ಒಂದೊಂದೇ ಮೆಟ್ಟಿಲು ಇಳಿಯುವಂಥ ಆ ಕೆಲವು ಸ್ವರಗಳನ್ನು ಸಿಂಪ್ಸನ್ಸ್ ಸಂಗೀತಗಾರ ಆಲ್ಫ್ ಕ್ಲಾಸೆನ್ ಬಾಬ್‌ನ ಬೆನ್ನಿಗೆ ಕಟ್ಟಿದರು. ಈ ಕಂತಿನ ಸಂಗೀತಕ್ಕೆ ಎಮ್ಮಿ ನಾಮನಿರ್ದೇಶನವೂ ಸಿಕ್ಕಿತು. ಮುಂದಿನ ಕಂತುಗಳಲ್ಲಿ ಬಾಬ್ ಬಂದಾಗಲೆಲ್ಲ ಅದೇ ಸ್ವರ. ಹರ್ಮನ್ ಹೆಸರನ್ನೇ ಕೇಳದ ಮಗುವಿಗೂ ‘ಬಂದ, ಅವನು ಬಂದ’ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಆ ಸಂಗೀತ ಉಲ್ಲೇಖವಾಗಿ ಉಳಿಯಲಿಲ್ಲ, ಪಾತ್ರದ ಸ್ವಂತ ಆಸ್ತಿಯಾಯಿತು.

ಕೊನೆಯ ದೃಶ್ಯವಂತೂ ಉಲ್ಲೇಖವನ್ನೇ ಕಥೆಯ ಕೀಲಿಯಾಗಿ ಬಳಸಿದ ಮಾದರಿ. ದೋಣಿಮನೆಯಲ್ಲಿ ಬಾರ್ಟ್ ಒಬ್ಬನೇ ಬಾಬ್ ಕೈಗೆ ಸಿಕ್ಕಿದ್ದಾನೆ. ಹೊಳೆಯ ಹರಿವು ಸ್ಪ್ರಿಂಗ್‌ಫೀಲ್ಡಿನ ಕಡೆಗಿದೆ, ಊರು ಮುಟ್ಟಲು ಹೊತ್ತು ಬೇಕು. ಕೊನೆಯಾಸೆ ಏನೆಂದು ಬಾಬ್ ಕೇಳಿದಾಗ, ನಿಮ್ಮ ಕಂಠ ಬಹಳ ಚೆನ್ನಾಗಿದೆ, ‘ಎಚ್.ಎಂ.ಎಸ್. ಪಿನಫೋರ್’ ಪೂರ್ತಿ ಹಾಡಿ ಎಂದು ಬಾರ್ಟ್ ಹೊಗಳುತ್ತಾನೆ. 1878ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೇರಿದ ಗಿಲ್ಬರ್ಟ್ ಮತ್ತು ಸಲಿವನ್‌ರ ಸಂಗೀತ ನಾಟಕ ಅದು. ಬಾಬ್ ಉಬ್ಬಿಹೋಗಿ ವೇಷ ಬದಲಿಸಿ, ಕುಣಿದು, ಹಾಡಿ ಮುಗಿಸುವಷ್ಟರಲ್ಲಿ ದೋಣಿ ಊರಿನ ದಡಕ್ಕೆ ಬಡಿಯುತ್ತದೆ, ಪೊಲೀಸರು ಎದುರಿಗೇ ಇರುತ್ತಾರೆ. ಪಿನಫೋರ್ ಅಂದರೇನು ಎಂದು ತಿಳಿಯದಿದ್ದರೂ, ಕೊಲ್ಲಲು ಬಂದವನು ತನ್ನ ಗಾಯನದ ಹೊಗಳಿಕೆಗೆ ಸೋತ ಎಂಬುದು ತಿಳಿಯುತ್ತದೆ. ತಿಳಿದವರಿಗೆ ಇನ್ನೊಂದು ತುತ್ತು ಹೆಚ್ಚು: ಹಡಗಿನ ಮೇಲೆ ನಡೆಯುವ ನಾಟಕವನ್ನೇ ಬರಹಗಾರರು ದೋಣಿಯ ಮೇಲೆ ಆಡಿಸಿದ್ದಾರೆ.

ಕರ್ನಾಟಕದಲ್ಲಿ ಸಿಂಪ್ಸನ್ಸ್ ನೋಡಿದವರಲ್ಲಿ ಅನೇಕರು ಅದನ್ನು ನೋಡಿದ್ದು ಕೇಬಲ್ ಟಿವಿಯ ಸ್ಟಾರ್ ವರ್ಲ್ಡ್‌ನಲ್ಲಿ. ಶಾಲೆ, ಕಾಲೇಜಿನ ಹುಡುಗ ಹುಡುಗಿಯರು ಗ್ರೆಗರಿ ಪೆಕ್‌ನನ್ನು ನೋಡಿ ಆಮೇಲೆ ಬಾರ್ಟ್‌ನ ಬಳಿಗೆ ಬಂದವರಲ್ಲ. ಅವರಿಗೆ ಅಣಕವೇ ಮೊದಲು, ಅಸಲು ಆಮೇಲೆ. ಎಷ್ಟೋ ವರ್ಷ ಕಳೆದು ಸ್ಕಾರ್ಸೆಸಿ ಚಿತ್ರ ಹಾಕಿಕೊಂಡು ಕುಳಿತಾಗ, ಡಿ ನಿರೊ ಕಾರಿನ ಅಡಿಯಿಂದ ಹೊರಬರುವ ಗಂಭೀರ ದೃಶ್ಯದಲ್ಲಿ ಫಕ್ಕನೆ ನಕ್ಕು ಜೊತೆಯವರಿಂದ ಬೈಸಿಕೊಂಡವರು ಇದ್ದಾರೆ. ಆದರೂ ಕಂತು ಅವರಿಗೆ ಮೊದಲ ಸಲವೇ ದಕ್ಕಿತ್ತು. ಇಲ್ಲದಿದ್ದರೆ ಅವರು ಚಾನೆಲ್ ಬದಲಿಸುತ್ತಿದ್ದರು, ಮೂಲದ ತನಕ ಹೋಗುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಕರಾವಳಿಯ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಕೃಷ್ಣಸಂಧಾನದಲ್ಲಿ ಒಳ್ಳೆಯ ಅರ್ಥಧಾರಿ ಕೌರವನಿಗೆ ಉತ್ತರ ಕೊಡುತ್ತಾ ಇನ್ಯಾವುದೋ ಪರ್ವದ ಘಟನೆಯನ್ನು ಅರ್ಧ ವಾಕ್ಯದಲ್ಲಿ ಎಳೆದು ತರುತ್ತಾನೆ. ಆ ಕಥೆ ಬಲ್ಲ ಹಿರಿಯರು ತಲೆದೂಗುತ್ತಾರೆ. ಅರಿಯದವರಿಗೆ ಕೇಳಿಸುವುದು ವಾದ ಮಾತ್ರ, ಆ ವಾದ ಎಲ್ಲೂ ಕುಂಟುವುದಿಲ್ಲ. ಸಭೆಯಲ್ಲಿ ಯಾರಿಗೂ ತಾನು ಹೊರಗಿನವನೆಂದು ಅನ್ನಿಸುವುದಿಲ್ಲ.

ಹಾಗೆಂದು ಉಲ್ಲೇಖ ಎಲ್ಲರಿಗೂ ತಿಳಿಯುವಂತಿರಬೇಕು ಎಂದೇನೂ ಅಲ್ಲ. ಸಾವಿರಕ್ಕೆ ಒಬ್ಬರಿಗೆ ಮಾತ್ರ ಹೊಳೆಯುವ ತಮಾಷೆಯೂ ಇರಲಿ, ಆದರೆ ಅದು ಉಳಿದ 999 ಜನರ ದಾರಿಗೆ ಅಡ್ಡ ಬರಬಾರದು. ಸಿಂಪ್ಸನ್ಸ್ ಬರಹಗಾರರಲ್ಲಿ ಗಣಿತ, ವಿಜ್ಞಾನ ಓದಿ ಬಂದವರ ಗುಂಪೇ ಇತ್ತು. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಓದಿದ ಡೇವಿಡ್ ಎಕ್ಸ್. ಕೊಹೆನ್ ಅಂಥವರಲ್ಲೊಬ್ಬರು. 1998ರ ಒಂದು ಕಂತಿನಲ್ಲಿ ಹೋಮರ್ ಕಪ್ಪುಹಲಗೆಯ ಮೇಲೆ ಬರೆಯುತ್ತಾನೆ: 3987ರ ಹನ್ನೆರಡನೇ ಘಾತಕ್ಕೆ 4365ರ ಹನ್ನೆರಡನೇ ಘಾತ ಕೂಡಿದರೆ 4472ರ ಹನ್ನೆರಡನೇ ಘಾತ. ಫರ್ಮಾನ ಕೊನೆಯ ಪ್ರಮೇಯದ ಪ್ರಕಾರ ಇಂಥ ಸಮೀಕರಣ ಸಾಧ್ಯವೇ ಇಲ್ಲ; ಆಂಡ್ರ್ಯೂ ವೈಲ್ಸ್ ಅದರ ಸಾಧನೆಯನ್ನು ಪ್ರಕಟಿಸಿದ್ದು 1995ರಲ್ಲಿ. ಆದರೂ ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ ಎರಡೂ ಬದಿ ಒಂದೇ ಕಾಣಿಸುತ್ತದೆ! ವ್ಯತ್ಯಾಸ ಇರುವುದು ಅದರ ಆಚೆಯ ಅಂಕಿಗಳಲ್ಲಿ. ಮೋಸ ಹಿಡಿಯಲು ಪ್ರೈಮರಿ ಶಾಲೆಯ ಉಪಾಯ ಸಾಕು. 3987 ಮತ್ತು 4365ರ ಅಂಕಿಗಳನ್ನು ಕೂಡಿದರೆ 27 ಮತ್ತು 18, ಎರಡೂ ಮೂರರಿಂದ ಭಾಗವಾಗುತ್ತವೆ. 4472ರ ಅಂಕಿಗಳ ಮೊತ್ತ 17, ಅದು ಭಾಗವಾಗದು. ಅಲ್ಲಿಗೆ ಸಮೀಕರಣ ಸುಳ್ಳು.

ಅದೇ ಬಳಗದ ‘ಫ್ಯೂಚರಾಮಾ’ ಧಾರಾವಾಹಿಯಲ್ಲಿ 1729 ಎಂಬ ಸಂಖ್ಯೆ ಆಗಾಗ ಇಣುಕುತ್ತದೆ. ಬೆಂಡರ್ ಎಂಬ ರೋಬಾಟ್‌ಗೆ ಅವನನ್ನು ತಯಾರಿಸಿದ ಯಂತ್ರದಿಂದ ಬರುವ ಹಬ್ಬದ ಕಾರ್ಡಿನಲ್ಲಿ ‘1729ನೇ ಮಗ’ ಎಂದಿದೆ. ಆಸ್ಪತ್ರೆಯಲ್ಲಿದ್ದ ಶ್ರೀನಿವಾಸ ರಾಮಾನುಜನ್‌ರನ್ನು ನೋಡಲು ಜಿ.ಎಚ್. ಹಾರ್ಡಿ ಬಂದ ಟ್ಯಾಕ್ಸಿಯ ಸಂಖ್ಯೆ ಅದು. ಎರಡು ಘನಗಳ ಮೊತ್ತವಾಗಿ ಎರಡು ಬೇರೆ ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ. ರಾಮಾನುಜನ್ ಕಥೆ ಶಾಲೆಯಲ್ಲೇ ಕೇಳಿದ ಕನ್ನಡದ ಹುಡುಗನಿಗೆ ಈ ತಮಾಷೆ ಅಮೆರಿಕದ ಸಾಮಾನ್ಯ ನೋಡುಗನಿಗಿಂತ ಬೇಗ ಹೊಳೆಯಬಹುದು. ಹೊಳೆಯದವರಿಗೂ ಯಂತ್ರತಾಯಿ ಮಕ್ಕಳಿಗೆ ನಂಬರು ಹಾಕಿ ಕಾರ್ಡು ಕಳಿಸುವುದೇ ನಗೆ.

ತೊಂದರೆ ಶುರುವಾಗುವುದು ಉಲ್ಲೇಖವೇ ತಮಾಷೆಯ ಬದಲಿಗೆ ಬಂದು ಕುಳಿತಾಗ. 1999ರಲ್ಲಿ ಶುರುವಾದ ‘ಫ್ಯಾಮಿಲಿ ಗೈ’ ಕಥೆಯನ್ನು ಅಲ್ಲಲ್ಲೇ ನಿಲ್ಲಿಸಿ, ಸಂಬಂಧವಿಲ್ಲದ ಹಳೆಯ ಟಿವಿ, ಸಿನಿಮಾ ತುಣುಕುಗಳಿಗೆ ಜಿಗಿಯುವುದನ್ನೇ ಶೈಲಿ ಮಾಡಿಕೊಂಡಿತು. ಅದರಲ್ಲಿ ನಗಿಸುವ ಜಿಗಿತಗಳೂ ಇವೆ, ನಿಜ. ಆದರೆ ಎಷ್ಟೋ ಕಡೆ ‘ಅಯ್ಯೋ, ಇದು ನಂಗೆ ಗೊತ್ತು’ ಎಂಬ ಖುಷಿ ಬಿಟ್ಟರೆ ಬೇರೇನೂ ಕೈಗೆ ಸಿಗುವುದಿಲ್ಲ. ಇದನ್ನು ಅತ್ಯಂತ ಕಟುವಾಗಿ ಟೀಕಿಸಿದ್ದೂ ಒಂದು ಕಾರ್ಟೂನೇ. 2006ರಲ್ಲಿ ‘ಸೌತ್ ಪಾರ್ಕ್’ ತನ್ನ ಎರಡು ಭಾಗದ ಕಂತಿನಲ್ಲಿ, ಫ್ಯಾಮಿಲಿ ಗೈ ಬರೆಯುವವರು ಮನುಷ್ಯರೇ ಅಲ್ಲ, ತೊಟ್ಟಿಯಲ್ಲಿರುವ ಮ್ಯಾನಟಿ ಎಂಬ ಕಡಲಪ್ರಾಣಿಗಳು ಎಂದು ತೋರಿಸಿತು. ಅವು ಪದ ಬರೆದ ಚೆಂಡುಗಳನ್ನು ಒಂದೊಂದಾಗಿ ಮೂತಿಯಿಂದ ತಳ್ಳುತ್ತವೆ. ಒಂದರಲ್ಲಿ ಕ್ರಿಯಾಪದ, ಒಂದರಲ್ಲಿ ನಾಮಪದ, ಒಂದರಲ್ಲಿ ಜನಪ್ರಿಯ ಸಂಸ್ಕೃತಿಯ ಯಾವುದೋ ಹೆಸರು. ಜೋಡಿಸಿದರೆ ಹಾಸ್ಯ ತಯಾರು. ಒಂದು ಕಾರ್ಟೂನು ಇನ್ನೊಂದು ಕಾರ್ಟೂನಿನ ಬಗ್ಗೆ ಬರೆದ ಈ ವಿಮರ್ಶೆಯನ್ನು ಯಾವ ಪ್ರಬಂಧವೂ ಮೀರಿಸಲಿಲ್ಲ.

ಟ್ರಿವಿಯಾ ತನ್ನ ಸಂದರ್ಭ ಕಳೆದುಕೊಂಡರೆ ಸುಳ್ಳೂ ಆಗುತ್ತದೆ. ‘ಸಿಂಪ್ಸನ್ಸ್ ಭವಿಷ್ಯ ನುಡಿಯುತ್ತದೆ’ ಎಂಬ ವಿಡಿಯೊಗಳು ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬರುತ್ತವೆ. 2000ದ ಮಾರ್ಚ್‌ನಲ್ಲಿ ಪ್ರಸಾರವಾದ ಕಂತೊಂದರಲ್ಲಿ ಡೊನಾಲ್ಡ್ ಟ್ರಂಪ್ ಮಾಜಿ ಅಧ್ಯಕ್ಷರೆಂಬ ಪ್ರಸ್ತಾಪ ಇರುವುದು ನಿಜ. ಆದರೆ 1999ರಲ್ಲೇ ಟ್ರಂಪ್ ರಿಫಾರ್ಮ್ ಪಾರ್ಟಿಯಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವ ಪ್ರಯತ್ನ ನಡೆಸಿದ್ದರು, ಅದು ಪತ್ರಿಕೆಗಳಲ್ಲಿ ಬಂದ ಸುದ್ದಿ. ಕಾಲಜ್ಞಾನದಂತೆ ಹಂಚಿಕೆಯಾಗುತ್ತಿರುವುದು ಆ ಹೊತ್ತಿನ ಸುದ್ದಿಯ ಮೇಲಿನ ಕುಚೋದ್ಯ. ಜೊತೆಗೆ ಸುತ್ತಾಡುವ, ಟ್ರಂಪ್ ಎಸ್ಕಲೇಟರಿನಲ್ಲಿ ಇಳಿಯುವ ಕಾರ್ಟೂನ್ ಚಿತ್ರವಂತೂ 2015ರ ಜೂನ್‌ನಲ್ಲಿ ಆ ಘಟನೆ ನಡೆದ ನಂತರ ತಯಾರಾದ ಕಿರುಚಿತ್ರದ್ದು.

ಉಲ್ಲೇಖ ಎಷ್ಟೇ ಘನವಾಗಿದ್ದರೂ ಪಾತ್ರವನ್ನು ಕಾಪಾಡಲಾರದು ಎಂಬುದಕ್ಕೆ ಇದೇ ಧಾರಾವಾಹಿಯ ಅಪು ಸಾಕ್ಷಿ. 1990ರಲ್ಲಿ ಮೊದಲು ಕಾಣಿಸಿಕೊಂಡ ಈ ಭಾರತೀಯ ಅಂಗಡಿಕಾರನಿಗೆ ಹೆಸರು ಬಂದದ್ದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಚಿತ್ರಗಳ ಅಪುವಿನಿಂದ. ಬರಹಗಾರರ ಉದ್ದೇಶ ಗೌರವದ್ದೇ. ಆದರೆ ಅಮೆರಿಕದ ಶಾಲೆಗಳ ಆಟದ ಮೈದಾನಕ್ಕೆ ತಲುಪಿದ್ದು ರಾಯ್ ಅಲ್ಲ, ಬಿಳಿಯ ನಟ ಹ್ಯಾಂಕ್ ಅಜಾರಿಯಾ ಆಡಿದ ಎಳೆದೆಳೆದ ಉಚ್ಚಾರಣೆ. ಭಾರತೀಯ ಮೂಲದ ಮಕ್ಕಳನ್ನು ರೇಗಿಸಲು ಅದು ಸಿದ್ಧ ಸರಕಾಯಿತು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ‘ದಿ ಪ್ರಾಬ್ಲಮ್ ವಿತ್ ಅಪು’ ಸಾಕ್ಷ್ಯಚಿತ್ರದಲ್ಲಿ ಈ ನೋವನ್ನು ಮುಂದಿಟ್ಟರು. 2020ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು. ಟ್ರಿವಿಯಾ ಪಟ್ಟಿಯಲ್ಲಿ ‘ಹೆಸರು ರಾಯ್ ಚಿತ್ರದಿಂದ’ ಎಂಬ ಸಾಲು ಹೆಮ್ಮೆಯದಾಗಿ ಕಾಣುತ್ತದೆ. ಪಾತ್ರ ಏನು ಮಾಡಿತು ಎಂಬ ಪ್ರಶ್ನೆಗೆ ಆ ಸಾಲಿನಲ್ಲಿ ಜಾಗವಿಲ್ಲ.

ಉಲ್ಲೇಖಗಳಿಲ್ಲದ ಕಾಲದಲ್ಲಿ ‘ಕೇಪ್ ಫಿಯರ್’ನಿಂದ ಏನು ಉಳಿಯಬಹುದು? ನಾಟಕಕಾರ್ತಿ ಆ್ಯನ್ ವಾಶ್‌ಬರ್ನ್ ಈ ಪ್ರಶ್ನೆಯನ್ನೇ ರಂಗದ ಮೇಲೆ ತಂದರು. 2012ರಲ್ಲಿ ವಾಷಿಂಗ್ಟನ್ನಿನ ವೂಲಿ ಮ್ಯಾಮತ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡ ‘ಮಿಸ್ಟರ್ ಬರ್ನ್ಸ್’ ನಾಟಕದಲ್ಲಿ ಜಗತ್ತಿನ ವಿದ್ಯುತ್ ವ್ಯವಸ್ಥೆ ಕುಸಿದಿದೆ, ಅಣುಸ್ಥಾವರಗಳು ಕೈಕೊಟ್ಟಿವೆ. ಬದುಕುಳಿದ ಕೆಲವರು ಬೆಂಕಿಯ ಸುತ್ತ ಕುಳಿತು ಈ ಕಂತನ್ನು ನೆನಪಿನಿಂದ ಒಬ್ಬರಿಗೊಬ್ಬರು ಹೇಳುತ್ತಾರೆ. ಒಬ್ಬರಿಗೆ ಮರೆತ ಮಾತು ಇನ್ನೊಬ್ಬರಿಗೆ ನೆನಪಾಗುತ್ತದೆ. ಎರಡನೆಯ ಅಂಕದಲ್ಲಿ ಏಳು ವರ್ಷ ಕಳೆದಿದೆ. ಅದೇ ಜನ ಊರೂರು ಅಲೆದು ಕಂತುಗಳನ್ನು ಆಡಿ ತೋರಿಸುವ ನಾಟಕ ಕಂಪನಿಯಾಗಿದ್ದಾರೆ. ನೆನಪಿನ ಸಾಲುಗಳಿಗೂ ಅಲ್ಲಿ ಬೆಲೆ ಕಟ್ಟಿ ವ್ಯಾಪಾರ ನಡೆಯುತ್ತದೆ. ಮೂರನೆಯ ಅಂಕ ಇನ್ನೂ 75 ವರ್ಷದಾಚೆಗೆ. ಕಂತು ಈಗ ಹಾಡಿ ಆಡುವ ಪುರಾಣ. ಖಳನ ಜಾಗಕ್ಕೆ ಬಾಬ್ ಬದಲು ಅಣುಸ್ಥಾವರದ ಮಾಲೀಕ ಬರ್ನ್ಸ್ ಬಂದಿದ್ದಾನೆ. ಅಣುದುರಂತ ಕಂಡ ಜನರಿಗೆ ಅವನೇ ತಕ್ಕ ರಾಕ್ಷಸ. ಸ್ಕಾರ್ಸೆಸಿಯ ಹೆಸರು ಯಾರಿಗೂ ಬೇಕಿಲ್ಲ. ದೋಣಿ, ಹುಡುಗ, ಹುಡುಗನನ್ನು ಕೊಲ್ಲಲು ಬಂದವನು ಉಳಿದಿದ್ದಾರೆ.

ಇಲ್ಲಿನ ಸಿನಿಮಾ ಮತ್ತು ಹಾಸ್ಯ ಬರಹಗಾರರಿಗೂ ಇದರಲ್ಲಿ ಪಾಠವಿದೆ. ಹಳೆಯ ಚಿತ್ರದ ಡೈಲಾಗನ್ನು ಹೊಸ ನಾಯಕನ ಬಾಯಲ್ಲಿ ಹೇಳಿಸಿ, ಹಿನ್ನೆಲೆಯಲ್ಲಿ ಹಳೆಯ ಹಾಡಿನ ತುಣುಕು ಹಾಕಿ ಶಿಳ್ಳೆ ಗಿಟ್ಟಿಸುವುದು ಈಗ ಸಲೀಸು. ಮೊದಲ ದಿನದ ಮೊದಲ ಆಟಕ್ಕೆ ಅಷ್ಟು ಸಾಕಾಗಬಹುದು. ಮೂಲ ನೋಡಿರದ ಹದಿನೈದರ ಹುಡುಗಿಯೊಬ್ಬಳನ್ನು ಚಿತ್ರಕಥೆಯ ಹಂತದಲ್ಲೇ ಎದುರು ಕೂರಿಸಿಕೊಂಡು ಆ ದೃಶ್ಯ ಓದಿದರೆ, ಶಿಳ್ಳೆ ತೆಗೆದ ಮೇಲೆ ಅಲ್ಲಿ ಏನುಳಿಯುತ್ತದೆ ಎಂದು ಗೊತ್ತಾಗುತ್ತದೆ. ಅವಳು ನಗದಿದ್ದರೆ ದೃಶ್ಯವನ್ನು ಮತ್ತೆ ಬರೆಯಬೇಕು.

ಪಟ್ಟಿ ಮಾಡುವವರೂ ತಮ್ಮ ಕೆಲಸವನ್ನು ಬಿಡಬೇಕಿಲ್ಲ, ಒಂದು ಕಾಲಂ ಸೇರಿಸಿಕೊಂಡರೆ ಸಾಕು. ಎಲ್ಲಿಂದ ಬಂತು ಎಂಬುದರ ಪಕ್ಕದಲ್ಲಿ ಇಲ್ಲಿ ಏನು ಮಾಡುತ್ತಿದೆ ಎಂದೂ ಬರೆಯಲಿ. ಹಚ್ಚೆ ಮಿಚಮ್ ಚಿತ್ರದಿಂದ ಬಂತು ಎಂದು ಬರೆದವರು, ನಾಲ್ಕಕ್ಷರವನ್ನು ಮೂರು ಬೆರಳಿಗೆ ಹೊಂದಿಸಲು ಬಾಬ್ ಪಟ್ಟ ಪಾಡನ್ನೂ ಬರೆದರೆ, ಸಿನಿಮಾ ನೋಡದವರೂ ಆ ಪಟ್ಟಿಯನ್ನು ಓದಿ ನಗಬಹುದು.